ಮುಖ ನೋಡಿ ಮಣೆ

ಹೋದ ವರ್ಷ ನನಗೊಂದು ಸಣ್ಣ ಕೆಲಸ ಬಂತು. ಆಭರಣದ ಅಂಗಡಿಯೊಂದು ಕರ್ನಾಟಕದಲ್ಲಿ ಹೊಸ ಶಾಖೆ ತೆರೆಯುತ್ತಿತ್ತು. ಸೇಲ್ಸ್ ಕೆಲಸಕ್ಕೆ ಜನ ಬೇಕೆಂಬ ಜಾಹೀರಾತನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು, ಅಷ್ಟೆ. ಒಟ್ಟು ನಲವತ್ತು ಪದ. ಇಂಥವನ್ನು ಚಹಾ ಆರುವುದರೊಳಗೆ ಮುಗಿಸಿ ಬಿಲ್ಲು ಕಳಿಸುವುದು ನನ್ನ ರೂಢಿ. ಇದು ಮಾತ್ರ ಮುಗಿಯಲಿಲ್ಲ. ವಯಸ್ಸು, ಓದು, ಸಂಬಳ ಎಲ್ಲ ಆದ ಮೇಲೆ ಕೊನೆಯ ಸಾಲಿನಲ್ಲಿ ‘ಪ್ಲೆಸೆಂಟ್ ಅಪಿಯರೆನ್ಸ್’ ಎಂದಿತ್ತು.

‘ಆಕರ್ಷಕ ವ್ಯಕ್ತಿತ್ವ’ ಎಂದು ಬರೆಯಬಹುದಿತ್ತು. ಎಲ್ಲರೂ ಹಾಗೇ ಬರೆಯುತ್ತಾರೆ. ಆದರೆ ಅದು ಸುಳ್ಳು. ಅಂಗಡಿಯವರಿಗೆ ಬೇಕಾದದ್ದು ವ್ಯಕ್ತಿತ್ವವಲ್ಲ. ‘ಸುಂದರವಾಗಿರಬೇಕು’ ಎಂದರೆ ಕೇಸು ಬಿದ್ದೀತು. ನನ್ನ ಅಜ್ಜಿಯಾದರೆ ಏನನ್ನುತ್ತಿದ್ದಳು ಎಂದು ಯೋಚಿಸಿದೆ. ‘ಹುಡುಗಿ ಲಕ್ಷಣವಾಗಿರಬೇಕು’ ಅನ್ನುತ್ತಿದ್ದಳು. ಅಲ್ಲಿಗೆ ಕೆಲಸ ನಿಂತಿತು. ಭಾಷಾವಿಜ್ಞಾನ ಓದಿದವರ ದುರಭ್ಯಾಸವಿದು, ಪದ ಸಿಕ್ಕಿದ ಕೂಡಲೇ ಕೆಲಸ ಬಿಟ್ಟು ಅದನ್ನು ತಿರುಗಿಸಿ ನೋಡುತ್ತ ಕೂರುವುದು. ಲಕ್ಷಣ ಎಂದರೆ ಗುರುತು. ರೋಗಕ್ಕೂ ಲಕ್ಷಣವಿದೆ, ಕಾವ್ಯಕ್ಕೂ ಇದೆ. ಕನ್ನಡದಲ್ಲಿ ಒಬ್ಬಳು ‘ಲಕ್ಷಣವಾಗಿದ್ದಾಳೆ’ ಎಂದರೆ ಅಕ್ಷರಶಃ ಅರ್ಥ ಅವಳ ಮೈಮೇಲೆ ಗುರುತುಗಳಿವೆ ಎಂದು. ಯಾವುದರ ಗುರುತು?

ನಾನಿರುವುದು ಕೊಚ್ಚಿಯ ಕಲೂರಿನಲ್ಲಿ, ಮಹಡಿಯ ಮೇಲಿನ ಬಾಡಿಗೆ ಮನೆ. ಕೆಳಗಿನ ಮನೆಯ ಚೇಚಿಯನ್ನು ಕೇಳಿದೆ, ಇದಕ್ಕೆ ಮಲಯಾಳದಲ್ಲಿ ಏನಂತೀರಿ? ‘ಕಾಣಾನ್ ಕೊಳ್ಳಾಂ’ ಎಂದರು. ನೋಡಲು ಅಡ್ಡಿಯಿಲ್ಲ ಎಂಬರ್ಥ. ಆಮೇಲೆ ಜಾಹೀರಾತನ್ನು ಪೂರ್ತಿ ಓದಿಸಿಕೊಂಡು ನಕ್ಕರು. ‘ವೆಳುತ್ತ ಪೆಣ್ಣು ವೇಣಂ, ಅತ್ರೇ ಉಳ್ಳೂ ಮೋಳೇ.’ ಬೆಳ್ಳಗಿನ ಹುಡುಗಿ ಬೇಕು, ಅಷ್ಟೇ ಮಗಳೇ. ನನ್ನ ಬಣ್ಣ ಅವರದಕ್ಕಿಂತ ಒಂದು ಕೈ ಹೆಚ್ಚೇ ಕಪ್ಪು. ಇಬ್ಬರೂ ನಕ್ಕೆವು.

ನೋಡಲು ಚೆನ್ನಾಗಿರುವವರನ್ನು ಅಪರಿಚಿತರು ಹೆಚ್ಚು ಚೆನ್ನಾಗಿ ನಡೆಸಿಕೊಳ್ಳುತ್ತಾರೆ ಎಂಬುದಕ್ಕೆ ಸಂಶೋಧನೆಯ ಅಗತ್ಯವಿಲ್ಲ. ಬಸ್ಸಿನಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಆದರೂ ಸಂಶೋಧನೆ ನಡೆದಿದೆ. 1972ರಲ್ಲಿ ಕ್ಯಾರೆನ್ ಡಿಯೋನ್, ಎಲೆನ್ ಬರ್ಶೈಡ್, ಇಲೇನ್ ವಾಲ್ಸ್ಟರ್ ಎಂಬ ಮೂವರು ಅಮೆರಿಕನ್ ಮನಶ್ಶಾಸ್ತ್ರಜ್ಞೆಯರು ವಿದ್ಯಾರ್ಥಿಗಳಿಗೆ ಗುರುತಿಲ್ಲದವರ ಭಾವಚಿತ್ರಗಳನ್ನು ಕೊಟ್ಟು, ಇವರು ಎಂಥವರಿರಬಹುದು ಹೇಳಿ ಎಂದರು. ಚೆಂದದ ಮುಖದವರಿಗೆ ಒಳ್ಳೆಯ ಗುಣ, ಒಳ್ಳೆಯ ಕೆಲಸ, ಸುಖದ ಬಾಳು ಎಲ್ಲ ಪುಕ್ಕಟೆಯಾಗಿ ಸಿಕ್ಕಿತು. 1994ರಲ್ಲಿ ಹ್ಯಾಮರ್ಮೆಶ್ ಮತ್ತು ಬಿಡ್ಲ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೆ ಸಂಬಳದ ಲೆಕ್ಕ ಹಾಕಿದರು. ಚೆಂದವಿಲ್ಲ ಎನಿಸಿಕೊಂಡವರ ಸಂಬಳದಲ್ಲಿ ಶೇಕಡಾ 5ರಿಂದ 10ರಷ್ಟು ಖೋತಾ. ಕನ್ನಡದಲ್ಲಿ ಇದನ್ನೇ ನಾಲ್ಕು ಮಾತಿನಲ್ಲಿ ಹೇಳುತ್ತೇವೆ: ಮುಖ ನೋಡಿ ಮಣೆ ಹಾಕುವುದು.

ಈ ಅಧ್ಯಯನಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವು ಒಂದು ಮಾತನ್ನು ಕೇಳದೆ ಒಪ್ಪಿಕೊಂಡಿವೆ. ನೋಡುವವನಿಗೆ ಮೊದಲು ಮುಖ ಕಾಣುತ್ತದೆ, ಆಮೇಲೆ ಅವನು ಮಣೆ ಹಾಕುತ್ತಾನೆ ಎಂಬ ಮಾತು. ನಾನೀಗ ಇರುವ ಊರಿನ ಮತ್ತು ಇಲ್ಲಿಂದ ಇನ್ನೂರು ಕಿಲೋಮೀಟರ್ ದಕ್ಷಿಣಕ್ಕಿರುವ ತಿರುವನಂತಪುರದ ಚರಿತ್ರೆ ಓದಿದರೆ ಅದು ತಿರುಗುಮುರುಗಾಗಿ ಕಾಣುತ್ತದೆ. ಇಲ್ಲಿ ಮಣೆ ಎಲ್ಲಿ ಹಾಕಬೇಕೆಂದು ಮೊದಲೇ ಗೊತ್ತಿತ್ತು. ಮುಖ ಚೆಂದವೋ ಅಲ್ಲವೋ ಎಂಬುದು ಆಮೇಲಿನ ಸಂಗತಿ.

*

ಹತ್ತೊಂಬತ್ತನೆಯ ಶತಮಾನದ ತಿರುವಾಂಕೂರಿನಲ್ಲಿ ದಾರಿಯಲ್ಲಿ ಎದುರಾಗುವ ಅಪರಿಚಿತ ಯಾರೆಂದು ತಿಳಿಯುವುದು ಸೌಜನ್ಯದ ಪ್ರಶ್ನೆಯಾಗಿರಲಿಲ್ಲ, ಅಂತರದ ಪ್ರಶ್ನೆಯಾಗಿತ್ತು. ‘ತೀಂಡಲ್’ ಎಂಬ ಮಲಯಾಳ ಪದದ ಮೂಲದಲ್ಲಿರುವುದು ಮುಟ್ಟುವುದು. ಆದರೆ ಇಲ್ಲಿ ಮೈಲಿಗೆಗೆ ಮುಟ್ಟಬೇಕಾಗಿರಲಿಲ್ಲ, ಹತ್ತಿರ ಬಂದರೆ ಸಾಕಿತ್ತು. ಯಾವ ಜಾತಿಯವರು ಯಾರಿಂದ ಎಷ್ಟು ಹೆಜ್ಜೆ ದೂರ ನಿಲ್ಲಬೇಕೆಂಬ ಕೋಷ್ಟಕವೇ ಇತ್ತು. ಅಷ್ಟು ದೂರದಿಂದ ಕಣ್ಣು ಮೂಗು ಕಾಣುವುದಿಲ್ಲ. ಕಾಣುವುದು ಬಟ್ಟೆ, ಒಡವೆ, ಕೊಡೆ, ಚಪ್ಪಲಿ, ಕೊಡವನ್ನು ಹೊತ್ತ ಬಗೆ, ನಿಂತ ಭಂಗಿ. ಹಾಗಾಗಿ ಇವುಗಳ ಮೇಲೆ ಕಟ್ಟಳೆ. ಚೆನ್ನಾಗಿ ಕಾಣುವುದಕ್ಕೆ ಅನುಮತಿ ಬೇಕಿತ್ತು ಎಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ.

(‘ಭಂಗಿ’ ಎಂದೆನಲ್ಲ. ಮಲಯಾಳದಲ್ಲಿ ‘ಭಂಗಿ’ ಎಂದರೆ ಚೆಂದ, ಸೊಗಸು. ಕೊಚ್ಚಿಗೆ ಬಂದ ಹೊಸದರಲ್ಲಿ ಯಾರೋ ನನ್ನ ಸೀರೆಗೆ ‘ನಲ್ಲ ಭಂಗಿ’ ಎಂದಾಗ ನಾನು ನಿಂತ ರೀತಿಯೇ ಸರಿಯಿಲ್ಲವೇನೋ ಎಂದು ನೆಟ್ಟಗಾಗಿದ್ದೆ.)

ಕಟ್ಟಳೆ ಬಾಯಿಗೂ ಇತ್ತು. ಲಂಡನ್ ಮಿಷನ್ನಿನ ಸ್ಯಾಮ್ಯುಯೆಲ್ ಮೇಟಿಯರ್ 1883ರಲ್ಲಿ ತಿರುವಾಂಕೂರಿನ ಜನಜೀವನದ ಬಗ್ಗೆ ಬರೆದ ಪುಸ್ತಕದಲ್ಲಿ ಪುಲಯರ ಮಾತಿನ ವಿವರವಿದೆ. ಮೇಲಿನವರ ಎದುರು ಪುಲಯ ‘ನಾನು’ ಎನ್ನುವ ಹಾಗಿಲ್ಲ, ‘ಅಡಿಯನ್’ ಎನ್ನಬೇಕು. ಅಡಿ ಎಂದರೆ ನಮ್ಮ ಅಡಿಯೇ, ಅಡಿಯಾಳಿನಲ್ಲಿರುವ ಅಡಿ. ತಾನುಣ್ಣುವುದನ್ನು ‘ಚೋರು’ ಅಂದರೆ ಅನ್ನ ಎನ್ನುವಂತಿಲ್ಲ, ‘ಕರಿಕ್ಕಾಡಿ’ ಎನ್ನಬೇಕು. ತನ್ನ ಮಕ್ಕಳನ್ನು ಮಕ್ಕಳು ಎನ್ನದೆ ಕೋತಿಗಳು, ಕರುಗಳು ಎನ್ನಬೇಕು. ಈ ಕೊನೆಯದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟೆ. ಒಬ್ಬ ತಾಯಿ ತನ್ನ ಕೂಸಿನ ಮುಖ ಚೆಂದವೆಂದು ದಾರಿಯಲ್ಲಿ ಹೇಳಲಾರಳು. ಭಾಷೆಯೇ ಅದಕ್ಕೆ ಎಡೆ ಕೊಡುವುದಿಲ್ಲ.

ಬಟ್ಟೆಯ ಜಗಳ ನಿಮಗೆ ಗೊತ್ತಿರಬಹುದು. ಮೊದಲೆಲ್ಲ ಒಂಬತ್ತನೇ ತರಗತಿಯ ಎನ್‌ಸಿಇಆರ್‌ಟಿ ಪಠ್ಯದಲ್ಲಿ ಇತ್ತು, 2019ರಲ್ಲಿ ಆ ಅಧ್ಯಾಯವನ್ನೇ ತೆಗೆದುಹಾಕಿದರು. ದಕ್ಷಿಣ ತಿರುವಾಂಕೂರಿನ ನಾಡಾರ್ ಹೆಂಗಸರು, ಆಗಿನ ಹೆಸರಿನಲ್ಲಿ ಚಾನ್ನಾರ್‌ಗಳು, ಕ್ರೈಸ್ತರಾದ ಮೇಲೆ ಎದೆ ಮುಚ್ಚತೊಡಗಿದರು. 1810ರ ದಶಕದಲ್ಲಿ ರೆಸಿಡೆಂಟ್ ಜಾನ್ ಮನ್ರೋ ಅವರಿಗೆ ‘ಕುಪ್ಪಾಯಂ’ ಎಂಬ ಕುಪ್ಪಸ ತೊಡಲು ಅವಕಾಶ ಕೊಟ್ಟ. ಅವರು ಅದರ ಮೇಲೆ ನಾಯರ್ ಹೆಂಗಸರ ಹಾಗೆ ಮೇಲುಹೊದಿಕೆಯನ್ನೂ ಹೊದ್ದರು. ಜಗಳ ಶುರುವಾದದ್ದು ಅಲ್ಲಿ. 1829ರ ರಾಜಾಜ್ಞೆ ಕುಪ್ಪಸ ಇರಲಿ, ಮೇಲುಹೊದಿಕೆ ಬೇಡ ಎಂದಿತು. 1858ರ ಹೊತ್ತಿಗೆ ಸಂತೆಗಳಲ್ಲಿ ಹೆಂಗಸರ ಬಟ್ಟೆ ಹರಿಯುವುದು, ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಇಡುವುದು ನಡೆಯಿತು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಒತ್ತಡ ಹಾಕಿದ ಮೇಲೆ 1859ರ ಜುಲೈನಲ್ಲಿ ಮಹಾರಾಜರ ಘೋಷಣೆ ಬಂತು. ಚಾನ್ನಾರ್ ಹೆಂಗಸರು ಕುಪ್ಪಸ ತೊಡಬಹುದು, ಒರಟು ಬಟ್ಟೆ ಸುತ್ತಿಕೊಳ್ಳಬಹುದು, ಹೇಗೆ ಬೇಕಾದರೂ ಎದೆ ಮುಚ್ಚಿಕೊಳ್ಳಬಹುದು. ಮೇಲ್ಜಾತಿಯ ಹೆಂಗಸರ ಹಾಗೆ ಮಾತ್ರ ಕೂಡದು.

ಈ ಘೋಷಣೆಯ ಕೊನೆಯ ಷರತ್ತೇ ಇಡೀ ಕಥೆ. ಇದನ್ನು ಮಾನದ ಕಥೆ ಎಂದು ಓದುವುದು ಈಗಿನ ರೂಢಿ. ನಂಗೇಲಿ ಎಂಬ ಹೆಂಗಸು ‘ಮುಲಕ್ಕರಂ’ ಕೊಡಲಾಗದೆ ಎದೆಯನ್ನೇ ಕೊಯ್ದುಕೊಟ್ಟಳು ಎಂಬ ಚೇರ್ತಲದ ಐತಿಹ್ಯ ವಾಟ್ಸಾಪಿನಲ್ಲಿ ನಿಮಗೂ ಬಂದಿರುತ್ತದೆ. ಆದರೆ ‘ಮುಲಕ್ಕರಂ’ ಎದೆ ಮುಚ್ಚಿದ್ದಕ್ಕೆ ಹಾಕಿದ ತೆರಿಗೆಯಲ್ಲ, ಗಂಡಸರ ಮೇಲಿನ ತಲೆಗಂದಾಯಕ್ಕೆ ಜೋಡಿಯಾಗಿ ಹೆಂಗಸರ ಮೇಲಿದ್ದ ಕಂದಾಯ ಎಂದು ಚರಿತ್ರಕಾರರು ತೋರಿಸಿದ್ದಾರೆ. ಎದೆ ತೆರೆದಿರುವುದು ಆ ನಾಡಿನಲ್ಲಿ ನಾಚಿಕೆಯ ಮಾತಾಗಿರಲಿಲ್ಲ. ತನಗಿಂತ ಮೇಲಿನವರ ಎದುರು ಮೇಲುಹೊದಿಕೆ ಸರಿಸುವುದು ಮರ್ಯಾದೆಯಾಗಿತ್ತು. ನಾಯರ್ ಹೆಂಗಸರೂ ದೇವರ, ನಂಬೂದಿರಿಗಳ ಎದುರು ಹಾಗೆ ಮಾಡುತ್ತಿದ್ದರು. ಸರ್ಕಾರ ಕಾಯುತ್ತಿದ್ದದ್ದು ಸಂತೆಯಲ್ಲಿ ನೋಡುವ ಅಪರಿಚಿತನ ಕಣ್ಣನ್ನು. ಅವನು ತಪ್ಪಾಗಿ ಓದಬಾರದು. ತಪ್ಪಿ ಒಬ್ಬ ಚಾನ್ನಾರ್ ಹೆಂಗಸಿಗೆ ದಾರಿ ಬಿಟ್ಟುಬಿಡಬಾರದು.

*

ತಿರುವನಂತಪುರಕ್ಕೆ ಹೋದಾಗಲೆಲ್ಲ ಎರಡು ಕಡೆ ಹೋಗುತ್ತೇನೆ. ಒಂದು, ಮ್ಯೂಸಿಯಂ ಆವರಣದಲ್ಲಿರುವ ರವಿವರ್ಮನ ಚಿತ್ರಗಳು. ಇನ್ನೊಂದು, ಅಲ್ಲಿಂದ ನಡೆದೇ ತಲುಪಬಹುದಾದ ವೆಳ್ಳಯಂಬಲದ ವೃತ್ತದಲ್ಲಿರುವ ಅಯ್ಯಂಕಾಳಿಯ ಪ್ರತಿಮೆ. ಇವೆರಡನ್ನೂ ಒಟ್ಟಿಗೆ ನೋಡುವ ಅಭ್ಯಾಸ ನನಗೆ ಒಂದು ಇಸವಿಯಿಂದ ಬಂತು, 1893.

ಆ ವರ್ಷ ಕಿಳಿಮಾನೂರಿನ ರಾಜಾ ರವಿವರ್ಮ ಶಿಕಾಗೋದ ವಿಶ್ವಮೇಳಕ್ಕೆ ಹತ್ತು ಚಿತ್ರ ಕಳಿಸಿ ಪ್ರಶಸ್ತಿ ಗಳಿಸಿದರು. ಹೆಚ್ಚಿನವು ಹೆಂಗಸರ ಚಿತ್ರಗಳು. ಅದೇ ವರ್ಷದ ‘ದೇರ್ ಕಮ್ಸ್ ಪಾಪಾ’ದಲ್ಲಿ ಅವರ ಮಗಳು ಮಹಾಪ್ರಭಾ ಕೂಸನ್ನೆತ್ತಿಕೊಂಡು ನಿಂತಿದ್ದಾಳೆ, ಚಿತ್ರದ ಹೊರಗಿನಿಂದ ಬರುತ್ತಿರುವ ಅಪ್ಪನನ್ನು ಕೂಸಿಗೆ ತೋರಿಸುತ್ತಿದ್ದಾಳೆ. ಮುಂದಿನ ವರ್ಷ ಬೊಂಬಾಯಿಯಲ್ಲಿ ಅವರ ಮುದ್ರಣಾಲಯ ಶುರುವಾಯಿತು. ಅದರ ಲಕ್ಷ್ಮಿ, ಸರಸ್ವತಿಯರು ನಮ್ಮ ಹಜಾರಗಳಿಗೂ ಬಂದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವರ ಮೂಲಚಿತ್ರಗಳನ್ನು ನೀವೂ ನೋಡಿರುತ್ತೀರಿ. ನನ್ನ ಅಜ್ಜಿ ‘ಲಕ್ಷಣವಾಗಿದ್ದಾಳೆ, ಲಕ್ಷ್ಮಿಯ ಹಾಗೆ’ ಎನ್ನುವಾಗ ಅವಳ ಕಣ್ಣೆದುರು ಇದ್ದದ್ದು ದೇವಸ್ಥಾನದ ಕಪ್ಪು ಕಲ್ಲಿನ ಲಕ್ಷ್ಮಿಯಲ್ಲ, ಚೌಕಟ್ಟು ಹಾಕಿಸಿದ ಆ ಅಚ್ಚಿನ ಚಿತ್ರದ ಬೆಳ್ಳಗಿನ, ತುಂಬು ಕೆನ್ನೆಯ ಲಕ್ಷ್ಮಿ. ಕನ್ನಡದ ಹಳ್ಳಿಯೊಂದರ ಚೆಂದದ ಅಳತೆಗೋಲು ತಿರುವಾಂಕೂರಿನಿಂದ ಬಂದಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೆ.

ಅದೇ 1893ರಲ್ಲಿ ತಿರುವನಂತಪುರದ ಹತ್ತಿರದ ವೆಂಙಾನೂರಿನಲ್ಲಿ ಮೂವತ್ತು ವರ್ಷದ ಅಯ್ಯಂಕಾಳಿ ಒಂದು ಬಿಲ್ಲುಗಾಡಿ ಕೊಂಡ. ಎತ್ತುಗಳ ಕೊರಳಿಗೆ ಗೆಜ್ಜೆ. ತಾನು ಬಿಳಿಯ ಮುಂಡು, ಮೇಲುವಸ್ತ್ರ, ತಲೆಗೆ ರುಮಾಲು. ಪುಲಯರು ನಡೆಯಲೂ ಕೂಡದ ಸಾರ್ವಜನಿಕ ರಸ್ತೆಯಲ್ಲಿ ಗಾಡಿ ಹೊಡೆದುಕೊಂಡು ಹೋದ. ಇದನ್ನು ರಸ್ತೆಯ ಹಕ್ಕಿನ ಹೋರಾಟ ಎಂದು ಪುಸ್ತಕಗಳು ಹೇಳುತ್ತವೆ, ಹೌದು. ಆದರೆ ರಸ್ತೆಗೆ ಗಾಡಿ ಸಾಕಿತ್ತು, ರುಮಾಲು ಯಾಕೆ? ಗೆಜ್ಜೆ ಯಾಕೆ? ದೂರದಿಂದ ಕಾಣಿಸಿಕೊಳ್ಳಲು, ಕೇಳಿಸಿಕೊಳ್ಳಲು. ಸೊಗಸಾಗಿ ಕಾಣುವುದೇ ಅಪರಾಧವಾಗಿದ್ದ ಕಡೆ ಅವನು ಬೇಕೆಂದೇ ಸೊಗಸಾದ.

ರವಿವರ್ಮನ ಚಿತ್ರಗಳು ಹೋದ ಶಿಕಾಗೋದಲ್ಲಿ ಆಗ ಒಂದು ಕಾನೂನು ಜಾರಿಯಲ್ಲಿತ್ತು. 1881ರದ್ದು. ರೋಗದಿಂದಲೋ ಊನದಿಂದಲೋ ನೋಡಲು ಅಸಹ್ಯವಾದವರು ಬೀದಿಯಲ್ಲಿ ಕಾಣಿಸಿಕೊಳ್ಳಬಾರದು, ಕಂಡರೆ ದಂಡ. ಸ್ಯಾನ್ ಫ್ರಾನ್ಸಿಸ್ಕೋ 1867ರಲ್ಲೇ ಇಂಥದ್ದನ್ನು ತಂದಿತ್ತು. ಶಿಕಾಗೋ ಅದನ್ನು ರದ್ದು ಮಾಡಿದ್ದು 1974ರಲ್ಲಿ. ಕುರೂಪ ಕಣ್ಣಿಗೆ ಬೀಳಬಾರದು ಎಂದು ಅಲ್ಲಿಯ ಕಟ್ಟಳೆ. ಕೆಲವರ ಸೊಗಸು ಕಣ್ಣಿಗೆ ಬೀಳಬಾರದು ಎಂದು ಇಲ್ಲಿಯದು.

ಒಡವೆಯ ಲೆಕ್ಕ ಮುಗಿಯಲು ಇನ್ನೂ ಇಪ್ಪತ್ತೆರಡು ವರ್ಷ ಹಿಡಿಯಿತು. ಪುಲಯ ಹೆಂಗಸರು ಚಿನ್ನ, ಬೆಳ್ಳಿ ಹಾಕುವಂತಿರಲಿಲ್ಲ. ಕಲ್ಲುಮಣಿಗಳ ಸರ, ‘ಕಲ್ಲುಮಾಲ’, ಕೊರಳಲ್ಲಿ ಇರಲೇಬೇಕಿತ್ತು. ಬರಿಗೊರಳೂ ಅಲ್ಲ, ಒಡವೆಯೂ ಅಲ್ಲ, ದನದ ಕೊರಳಿಗೆ ಕಟ್ಟುವ ಗುರುತಿನಂಥದ್ದು. 1915ರಲ್ಲಿ ಅಯ್ಯಂಕಾಳಿ ಅದನ್ನು ಕಿತ್ತೆಸೆಯಿರಿ ಎಂದಾಗ ಕೊಲ್ಲಂ ಬಳಿಯ ಪೆರಿನಾಡಿನಲ್ಲಿ ದೊಡ್ಡ ಗಲಭೆಯಾಯಿತು, ಗುಡಿಸಲುಗಳು ಉರಿದವು. ಆಮೇಲೆ ಕೊಲ್ಲಂನಲ್ಲಿ ನಡೆದ ಸಭೆಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಸರ ಕಿತ್ತು ಹಾಕಿದರು. ರಾಶಿ ಬಿತ್ತಂತೆ. ಲಕ್ಷಣ ಎಂಬ ಪದಕ್ಕೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ಅರ್ಥ ಆ ರಾಶಿ.

*

ಕೊಚ್ಚಿಯ ಕಥೆಯಲ್ಲಿ ಬಟ್ಟೆಗಿಂತ ಬಣ್ಣ ಮುಂದೆ ಬರುತ್ತದೆ. ಮಟ್ಟಾಂಚೇರಿಯ ಜ್ಯೂ ಟೌನ್‌ಗೆ ಬರುವ ಪ್ರವಾಸಿಗರು 1568ರ ಪರದೇಶಿ ಸಿನಗಾಗ್‌ನಲ್ಲಿ ಚೀನಾದ ನೀಲಿ ಬಿಳಿ ನೆಲಹಾಸು ನೋಡಿ ಹೋಗುತ್ತಾರೆ. ಅದರ ಹೊರಕೋಣೆಯನ್ನು ಯಾರೂ ಅಷ್ಟು ಗಮನಿಸುವುದಿಲ್ಲ. ಕೊಚ್ಚಿಯ ಯೆಹೂದ್ಯರಲ್ಲಿ ‘ಬಿಳಿಯರು’, ‘ಕರಿಯರು’ ಎಂಬ ಪಂಗಡಗಳಿದ್ದವು. ಇವು ಚರ್ಮದ ವರ್ಣನೆಯಲ್ಲ, ವಂಶದ ಹೆಸರುಗಳು. ಈ ಎರಡರ ಜೊತೆಗೆ ಬಿಳಿಯರ ಸಿನಗಾಗಿಗೇ ಸೇರಿದ, ಹಿಂದೆಂದೋ ಗುಲಾಮರಾಗಿದ್ದು ಬಿಡುಗಡೆಯಾದವರ ಸಂತತಿ ಎನಿಸಿಕೊಂಡ ಒಂದು ಸಣ್ಣ ಪಂಗಡ. ಅವರು ಒಳಗೆ ಬೆಂಚಿನ ಮೇಲೆ ಕೂರುವಂತಿಲ್ಲ, ಹೊರಕೋಣೆಯಲ್ಲಿ ಕೂರಬೇಕು.

ಆ ಪಂಗಡದಲ್ಲಿ 1882ರಲ್ಲಿ ಹುಟ್ಟಿದವರು ಎ. ಬಿ. ಸೇಲಂ. ಓದಿ ವಕೀಲರಾದರು. ಎರ್ನಾಕುಳಂನ ಕೋರ್ಟಿನಲ್ಲಿ ವಾದಿಸಿ ಬಂದ ಮನುಷ್ಯ ಶಬ್ಬಾತಿನ ದಿನ ತನ್ನದೇ ದೇವಾಲಯದಲ್ಲಿ ಹೊಸ್ತಿಲಾಚೆ. ಅವರು ಅಲ್ಲೇ ಸತ್ಯಾಗ್ರಹ ಹೂಡಿದರು. ‘ಯೆಹೂದಿ ಗಾಂಧಿ’ ಎಂಬ ಹೆಸರು ಬಂತು. ವರ್ಷಗಳ ಮೇಲೆ ಬೆಂಚು ಸಿಕ್ಕಿತು. ಮಗ ಬಿಳಿಯರ ಮನೆಯ ಹುಡುಗಿಯನ್ನು ಮೆಚ್ಚಿದಾಗ ಮಾತ್ರ ಮದುವೆ ಬೊಂಬಾಯಿಯಲ್ಲಿ ಆಗಬೇಕಾಯಿತು, 1950ರಲ್ಲಿ. ಸಂವಿಧಾನ ಬಂದ ವರ್ಷ. ಕೈಬೆರಳಲ್ಲಿ ಎಣಿಸಬಹುದಾದ ಮನೆಗಳಿದ್ದ ಒಂದು ಬೀದಿ ಅದು, ಅಪರಿಚಿತರೆಂಬುವರೇ ಇಲ್ಲದ ಬೀದಿ. ಅಲ್ಲೂ ಜನರನ್ನು ಅಪರಿಚಿತರನ್ನಾಗಿ ಇಡಲು ಎಷ್ಟೊಂದು ಶ್ರಮ!

ಗುರುತು ಊರಿನ ಎಲ್ಲೆ ದಾಟಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ಸಾಕ್ಷಿ ಇದೆ. ತಿರುವನಂತಪುರದ ಪೇಟ್ಟದಲ್ಲಿ 1863ರಲ್ಲಿ, ಅಯ್ಯಂಕಾಳಿ ಹುಟ್ಟಿದ ವರ್ಷವೇ ಹುಟ್ಟಿದ ಡಾ. ಪಲ್ಪು ಈಳವರು. ಮದರಾಸಿನಲ್ಲಿ ವೈದ್ಯ ಓದಿ ಬಂದರೂ ತಿರುವಾಂಕೂರು ಸರ್ಕಾರ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. 1898ರ ಪ್ಲೇಗಿನಲ್ಲಿ ಬೆಂಗಳೂರಿನ ಜನ ಸಾಯುತ್ತಿದ್ದಾಗ ನಾಡಿ ಹಿಡಿದವರಲ್ಲಿ ಅವರೂ ಒಬ್ಬರು. ತಾಯ್ನಾಡಿನಲ್ಲಿ ಮುಟ್ಟಬಾರದೆನಿಸಿದ್ದ ಕೈ ಇಲ್ಲಿ ಡಾಕ್ಟರ ಕೈ. ಬೆಂಗಳೂರಿನವರು ಉದಾರಿಗಳೆಂದು ಇದರರ್ಥವಲ್ಲ. ನಮಗೆ ಓದಲು ಬರುವ ಗುರುತುಗಳು ಬೇರೆ. ನಮ್ಮಲ್ಲಿ ಹೊಸ್ತಿಲ ಹೊರಗೆ ನಿಂತವರು ಬೇರೆ ಯಾರೋ ಇದ್ದರು.

*

ಈಗ ಒಂದು ಮುಖದ ಕಥೆ. ಆ ಮುಖ ಹೇಗಿತ್ತೆಂದು ಖಚಿತವಾಗಿ ತೋರಿಸಬಲ್ಲ ಒಂದು ಚಿತ್ರವೂ ಉಳಿದಿಲ್ಲ.

ಮಲಯಾಳದ ಮೊದಲ ಕಥಾಚಿತ್ರ ‘ವಿಗತಕುಮಾರನ್’. ಮೂಕಿ ಚಿತ್ರ. ತೆಗೆದವರು ಜೆ. ಸಿ. ಡೇನಿಯಲ್, ಹಲ್ಲಿನ ವೈದ್ಯ, ಹುಟ್ಟಿನಿಂದ ನಾಡಾರ್ ಕ್ರೈಸ್ತ. ಎಪ್ಪತ್ತು ವರ್ಷದ ಹಿಂದೆ ಸಂತೆಯಲ್ಲಿ ಬಟ್ಟೆ ಹರಿಸಿಕೊಂಡ ಹೆಂಗಸರ ಸಮುದಾಯದವರು. ಆಸ್ತಿ ಮಾರಿ ತಿರುವನಂತಪುರದ ಪಟ್ಟಂನಲ್ಲಿ ಸ್ಟುಡಿಯೋ ಕಟ್ಟಿದರು. ನಾಯಕಿ ಸಿಗಲಿಲ್ಲ. ಮರ್ಯಾದಸ್ಥ ಮನೆಯ ಹೆಣ್ಣು ಸಿನಿಮಾಕ್ಕೆ ಬರುವ ಕಾಲವಲ್ಲ ಅದು. ಬೊಂಬಾಯಿಯಿಂದ ಕರೆತಂದ ನಟಿಯೊಬ್ಬಳ ಬೇಡಿಕೆಗಳನ್ನು ಪೂರೈಸಲಾಗದೆ ವಾಪಸು ಕಳಿಸಿದರು. ಕೊನೆಗೆ ಸಿಕ್ಕವಳು ‘ಕಾಕ್ಕಾರಿಶ್ಶಿ’ ಎಂಬ ಜಾನಪದ ನಾಟಕಗಳಲ್ಲಿ ಆಡುತ್ತಿದ್ದ, ಹುಲ್ಲು ಕೊಯ್ದು ಬದುಕುತ್ತಿದ್ದ ಪುಲಯರ ಮನೆಯ ಹುಡುಗಿ. ಹುಟ್ಟುಹೆಸರು ರಾಜಮ್ಮ. ಚರಿತ್ರೆಗೆ ಗೊತ್ತಿರುವ ಹೆಸರು ಪಿ. ಕೆ. ರೋಸಿ.

ಅವಳು ಮಾಡಿದ್ದು ಸರೋಜಿನಿ ಎಂಬ ನಾಯರ್ ತರುಣಿಯ ಪಾತ್ರ. ಅಂದರೆ ಕ್ಯಾಮೆರಾದ ಎದುರು ಅವಳು ಉಟ್ಟದ್ದು 1859ರ ಘೋಷಣೆ ‘ಮಾತ್ರ ಕೂಡದು’ ಎಂದ ಉಡುಗೆಯನ್ನು. ಬೆಳಗ್ಗೆ ಬಂದು ಆ ಬಟ್ಟೆ ಉಟ್ಟು, ಒಡವೆ ತೊಟ್ಟು, ಹೂ ಮುಡಿದು ನಟಿಸಿ, ಸಂಜೆ ಎಲ್ಲ ಬಿಚ್ಚಿಟ್ಟು ಮನೆಗೆ ಹೋಗುತ್ತಿದ್ದಳು.

ಚಿತ್ರ ಬಿಡುಗಡೆಯಾದದ್ದು ತಿರುವನಂತಪುರದ ಕ್ಯಾಪಿಟಲ್ ಟಾಕೀಸಿನಲ್ಲಿ. 1928ರ ನವೆಂಬರ್ ಎಂದು ಒಂದು ಲೆಕ್ಕ, 1930ರ ಅಕ್ಟೋಬರ್ ಎಂದು ಇನ್ನೊಂದು. ಚರಿತ್ರಕಾರರು ಈಗಲೂ ವಾದಿಸುತ್ತಾರೆ. ಉದ್ಘಾಟನೆಗೆ ಬಂದ ಹೆಸರಾಂತ ವಕೀಲ ಮಳ್ಳೂರ್ ಗೋವಿಂದ ಪಿಳ್ಳೆ ರೋಸಿ ಇದ್ದರೆ ತಾನು ಬರುವುದಿಲ್ಲ ಎಂದರೆಂದು ಹೇಳುತ್ತಾರೆ. ಮೊದಲ ಆಟದಲ್ಲಿ ಅವಳಿಗೆ ಜಾಗವಿರಲಿಲ್ಲ. ತನ್ನ ಮುಖವನ್ನು ಊರೆಲ್ಲ ನೋಡುವಾಗ ಅವಳು ಹೊರಗಿದ್ದಳು. ನಾಯಕನ ಪಾತ್ರದಲ್ಲಿದ್ದ ಡೇನಿಯಲ್ ಅವಳು ಮುಡಿದ ಹೂವಿಗೆ ಮುತ್ತಿಡುವ ದೃಶ್ಯ ಬಂದಾಗ ಪರದೆಗೆ ಕಲ್ಲು ಬಿದ್ದವು. ಪರದೆ ಹರಿಯಿತು. ಆಮೇಲೆ ಅವಳ ಗುಡಿಸಲಿಗೆ ಬೆಂಕಿ ಬಿತ್ತು.

ಮೂಕಿ ಚಿತ್ರವೆಂಬುದನ್ನು ನೆನಪಿಡಿ. ಅವಳ ಮಾತಿನ ಧಾಟಿ ಯಾರಿಗೂ ಕೇಳಿಸುವಂತಿರಲಿಲ್ಲ. ಪರದೆಯ ಮೇಲಿದ್ದದ್ದು ಮುಖ, ಬಟ್ಟೆ, ಹೂವು. ಅವಳ ಜಾತಿ ಗೊತ್ತಿಲ್ಲದ ಒಬ್ಬ ಪರಊರಿನವನು ಆ ಸಾಲಿನಲ್ಲಿ ಕೂತಿದ್ದರೆ ಏನು ಕಾಣುತ್ತಿದ್ದ? ಒಬ್ಬ ನಾಯರ್ ಹುಡುಗಿಯನ್ನು, ಬಹುಶಃ ಒಬ್ಬ ಚೆಂದದ ಹುಡುಗಿಯನ್ನು. ಕಲ್ಲೆಸೆದವರ ಕಣ್ಣಿಗೂ ಬಿದ್ದದ್ದು ಅದೇ ಬೆಳಕು, ಅದೇ ನೆರಳು. ಅವಳು ಕುರೂಪಿಯಾಗಿ ಕಂಡದ್ದಕ್ಕೆ ಅವರು ಸಿಟ್ಟಾಗಲಿಲ್ಲ. ಗುರುತು ಕೈಕೊಟ್ಟಿತೆಂದು ಸಿಟ್ಟಾದರು. ಎರಡು ಗಂಟೆಯ ಕಾಲ ಆ ಪರದೆ ಅವರಿಂದ ಒಬ್ಬ ಪುಲಯ ಹೆಣ್ಣನ್ನು ಮೆಚ್ಚಿಸಲು ನೋಡಿತ್ತು.

ರೋಸಿ ಒಂದು ಲಾರಿ ಹತ್ತಿ ನಾಗರಕೋವಿಲ್‌ನ ಕಡೆ ಓಡಿದಳು. ಲಾರಿಯ ಡ್ರೈವರ್ ಕೇಶವ ಪಿಳ್ಳೆ ಅವಳನ್ನು ಮದುವೆಯಾದ. ಅವನು ನಾಯರ್. ಅಲ್ಲಿಂದ ಮುಂದೆ ಅವಳು ರಾಜಮ್ಮಾಳ್. ತಮಿಳು ಮಾತಿನ ಊರಿನಲ್ಲಿ ನಾಯರ್ ಗೃಹಿಣಿಯಾಗಿ ಬಾಳಿದಳು, ಮಕ್ಕಳು ನಾಯರರಾಗಿ ಬೆಳೆದರು. ನಟಿಸಿದ್ದರ ಬಗ್ಗೆ ತುಟಿ ಬಿಚ್ಚಲಿಲ್ಲ.

ಈ ಭಾಗವನ್ನು ನಾನು ಎಷ್ಟು ಸಲ ಓದಿದ್ದೇನೋ. ಕ್ಯಾಪಿಟಲ್ ಟಾಕೀಸಿನಲ್ಲಿ ಎರಡು ಗಂಟೆ ಸಹಿಸಲಾಗದ ಪಾತ್ರವನ್ನೇ ಅವಳು ಉಳಿದ ಬಾಳಿನುದ್ದಕ್ಕೂ ಮಾಡಿದಳು. ಅದೇ ಮುಖ. ಅಕ್ಕಪಕ್ಕದ ಮನೆಯವರು, ಅಂಗಡಿಯವರು, ದೇವಸ್ಥಾನದವರು ಅವಳಿಗೆ ಮಣೆ ಹಾಕಿದರು. ಯಾರೂ ಕಲ್ಲೆಸೆಯಲಿಲ್ಲ. ರಾಜಮ್ಮ, ರೋಸಿ, ಸರೋಜಿನಿ, ರಾಜಮ್ಮಾಳ್. ಹೆಸರು ನಾಲ್ಕು, ಮುಖ ಒಂದೇ, ಮರ್ಯಾದೆ ಒಂದೊಂದಕ್ಕೆ ಒಂದೊಂದು ತೆರ. ಮನಶ್ಶಾಸ್ತ್ರದ ಯಾವ ಪ್ರಯೋಗಾಲಯವೂ ಇಷ್ಟು ಕಟ್ಟುನಿಟ್ಟಾದ ಪ್ರಯೋಗ ಮಾಡಲಾರದು, ಮಾಡಲೂಬಾರದು.

ಚಿತ್ರದ ಪ್ರತಿ ಉಳಿಯಲಿಲ್ಲ. ಡೇನಿಯಲ್ ಸಾಲದಲ್ಲಿ ಮುಳುಗಿ ಹಲ್ಲು ಕೀಳುವ ಕೆಲಸ ಮಾಡಿಕೊಂಡು ಬದುಕಿದರು. ಈಗ ಕೇರಳ ಸರ್ಕಾರದ ಅತ್ಯುನ್ನತ ಸಿನಿಮಾ ಪ್ರಶಸ್ತಿ ಅವರ ಹೆಸರಿನಲ್ಲಿದೆ. 2013ರಲ್ಲಿ ಕಮಲ್ ಅವರ ‘ಸೆಲ್ಯುಲಾಯ್ಡ್’ ಬಂತು. 2019ರಲ್ಲಿ ಮಲಯಾಳ ಚಿತ್ರರಂಗದ ಹೆಂಗಸರ ಸಂಘಟನೆ ರೋಸಿಯ ಹೆಸರಿನಲ್ಲಿ ಫಿಲ್ಮ್ ಸೊಸೈಟಿ ಮಾಡಿತು. 2023ರ ಫೆಬ್ರವರಿ 10ರಂದು ಗೂಗಲ್ ತೆರೆದಾಗ ಗುಲಾಬಿಗಳ ನಡುವೆ ಅವಳ ಚಿತ್ರ ಇತ್ತು. ಅವಳದೆಂದು ಓಡಾಡುವ ಒಂದು ಹಳೆಯ ಫೋಟೋ ನಿಜಕ್ಕೂ ಅವಳದೇ ಎಂಬ ಬಗ್ಗೆ ವಿವಾದವಿದೆ.

*

ಹಳೆಯ ಕಥೆ ಎಂದು ಮುಗಿಸಬಹುದಿತ್ತು, 2024ರ ಮಾರ್ಚ್ ಬರದಿದ್ದರೆ. ಆಗ ಒಬ್ಬ ನೃತ್ಯಗುರು ಯೂಟ್ಯೂಬ್ ಸಂದರ್ಶನದಲ್ಲಿ, ಮೋಹಿನಿಯಾಟ್ಟಂ ಆಡುವವರು ಮೋಹಿನಿಯ ಹಾಗಿರಬೇಕು, ಕಾಗೆಯ ಬಣ್ಣದವರು ಆಡಿದರೆ ನೋಡಲಾಗುವುದಿಲ್ಲ ಎಂದರು. ಮಾತು ಯಾರ ಬಗ್ಗೆ ಎಂದು ಎಲ್ಲರಿಗೂ ಗೊತ್ತಾಯಿತು: ಆರ್‌ಎಲ್‌ವಿ ರಾಮಕೃಷ್ಣನ್, ನಟ ಕಲಾಭವನ್ ಮಣಿಯವರ ತಮ್ಮ, ದಲಿತ ಕುಟುಂಬದವರು, ಮೋಹಿನಿಯಾಟ್ಟಂನಲ್ಲಿ ಪಿಎಚ್‌ಡಿ ಮಾಡಿದವರು. ಕೇರಳ ಕಲಾಮಂಡಲಂ ಆ ಮಾತಿನಿಂದ ದೂರ ಸರಿಯಿತು, ಅವರನ್ನು ಕರೆಸಿ ಆಡಿಸಿತು. ಮುಂದಿನ ಜನವರಿಯಲ್ಲಿ ಅಲ್ಲೇ ಭರತನಾಟ್ಯದ ಅಧ್ಯಾಪಕರಾಗಿ ಅವರು ಸೇರಿದರು.

ಅದಾದ ಎರಡು ತಿಂಗಳಿಗೆ, 2025ರ ಮಾರ್ಚ್ ಕೊನೆಯಲ್ಲಿ, ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಅತಿ ಮೇಲಿನ ಕುರ್ಚಿಯಿಂದಲೇ ಒಂದು ಮಾತು ಬಂತು. ಕೇರಳದ ಮುಖ್ಯ ಕಾರ್ಯದರ್ಶಿ ಶಾರದಾ ಮುರಳೀಧರನ್ ಫೇ‌ಸ್‌ಬುಕ್ಕಿನಲ್ಲಿ ಬರೆದರು. ತಮ್ಮ ಗಂಡ ವಿ. ವೇಣು ಅವರಿಂದಲೇ ಅವರು ಆ ಹುದ್ದೆ ವಹಿಸಿಕೊಂಡಿದ್ದರು. ಗಂಡನ ಆಡಳಿತ ಎಷ್ಟು ಬಿಳುಪೋ ಹೆಂಡತಿಯದು ಅಷ್ಟು ಕಪ್ಪು ಎಂದು ಯಾರೋ ಹೇಳಿದ್ದು ಅವರ ಕಿವಿಗೆ ಬಿದ್ದಿತ್ತು. ನಾಲ್ಕು ವರ್ಷದವಳಿದ್ದಾಗ ಅಮ್ಮನನ್ನು ಕೇಳಿದ್ದೆ, ನನ್ನನ್ನು ವಾಪಸು ಹೊಟ್ಟೆಗೆ ಹಾಕಿಕೊಂಡು ಬೆಳ್ಳಗೆ, ಚೆಂದಗೆ ಮಾಡಿ ಹೆರಬಹುದಾ ಎಂದು, ಎಂದು ಅವರು ನೆನಪಿಸಿಕೊಂಡರು. ಒಮ್ಮೆ ಹಾಕಿ, ತೆಗೆದು, ಮತ್ತೆ ಹಾಕಿದರು ಆ ಬರಹವನ್ನು. ರಾಜ್ಯದ ಅಧಿಕಾರಿಗಳೆಲ್ಲ ಎದ್ದು ನಿಲ್ಲುವ ಹೆಂಗಸು. ಹುದ್ದೆಯ ಗುರುತಿಗೆ ಮಣೆ ಸಿಕ್ಕಿತ್ತು. ಬಣ್ಣದ ಗುರುತು ಹೊರಗೇ ಕಾದು ನಿಂತಿತ್ತು.

ಈ ಬರಹದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಚೇಚಿ ಮಹಡಿ ಹತ್ತಿ ಬಂದರು. ತಾನೂ ಹಾಗೇ ಕೇಳಿದ್ದೆ ಎಂದರು, ಅಮ್ಮನನ್ನಲ್ಲ, ಗುರುವಾಯೂರಪ್ಪನನ್ನು. ಅವನೂ ಕಪ್ಪೇ ಅಲ್ಲವೇ ಚೇಚಿ ಎಂದೆ. ‘ಅದಕ್ಕೇ ಅವನಿಗೆ ದಿನಾ ಚಂದನ ಹಚ್ಚುತ್ತಾರೆ’ ಎಂದು ಬಿಟ್ಟರು.

ಜಾಹೀರಾತು? ಎರಡು ದಿನ ತಡವಾಗಿ ಕಳಿಸಿದೆ. ಕೊನೆಯ ಸಾಲಿನಲ್ಲಿ ‘ಗಿರಾಕಿಗಳೊಂದಿಗೆ ಹಸನ್ಮುಖರಾಗಿ ವ್ಯವಹರಿಸುವವರು’ ಎಂದು ಬರೆದಿದ್ದೆ. ಏಜೆನ್ಸಿಯ ಹುಡುಗ ಫೋನು ಮಾಡಿ, ಮೇಡಂ, ಕ್ಲೈಂಟು ಕೇಳ್ತಿದಾರೆ, ಇದರಲ್ಲಿ ಅಪಿಯರೆನ್ಸ್ ಎಲ್ಲಿ ಬಂತು ಅಂತ, ಎಂದ. ಹಸನ್ಮುಖದಲ್ಲಿ ಮುಖ ಇದೆಯಲ್ಲಪ್ಪ ಎಂದೆ. ಅಚ್ಚಾಗಿ ಬಂದಾಗ ಆ ಜಾಗದಲ್ಲಿ ‘ಆಕರ್ಷಕ ವ್ಯಕ್ತಿತ್ವ’ ಎಂದಿತ್ತು. ಮೇಲೆ ಒಂದು ಹುಡುಗಿಯ ಚಿತ್ರ, ನೆತ್ತಿಯಿಂದ ಸೊಂಟದವರೆಗೆ ಚಿನ್ನ. ಅವಳ ಬಣ್ಣ ಹೇಗಿತ್ತೆಂದು ನಿಮಗೆ ಹೇಳಬೇಕಾಗಿಲ್ಲ.